ಕಟ್ಟದೆ ಒಯ್ದ ಬಂಗ್ಕಾ

ಸಿಡ್ನಿಯಲ್ಲಿ ಬೆಳಗಿನ ಚಹಾದ ಬಿಡುವಿಗೆ ‘ಸ್ಮೋಕೋ’ ಎನ್ನುತ್ತಾರೆ. ಪ್ಯಾರಮಟ್ಟಾ ನದಿಯ ದಂಡೆಯಲ್ಲಿರುವ ನಮ್ಮ ದೋಣಿ ಯಾರ್ಡಿನಲ್ಲಿ ಈಗ ಹೊಗೆ ಬಿಡುವವರು ಯಾರೂ ಇಲ್ಲ, ಹೆಸರು ಮಾತ್ರ ಉಳಿದಿದೆ. ಅಂಥದೊಂದು ಸ್ಮೋಕೋದಲ್ಲಿ ನಮ್ಮ ಫೈಬರ್ ಕೆಲಸದವನು ಚಹಾ ಲೋಟ ಪಕ್ಕಕ್ಕಿಟ್ಟು ಮೊಬೈಲನ್ನು ನನ್ನ ಮೂಗಿನ ಹತ್ತಿರ ಹಿಡಿದ. ಅವನು ಫಿಲಿಪೀನ್ಸಿನವನು. ಮರದ ಕೆಲಸ ನನ್ನದು, ಫೈಬರ್ ಗ್ಲಾಸಿನದು ಅವನದು; ನಾನು ಎಲುಬು ಕೂಡಿಸಿದ್ದಕ್ಕೆ ಅವನು ಚರ್ಮ ಹಾಕುತ್ತಾನೆ. ನನ್ನ ಶಾಲೆ ಏಳನೆಯ ಕ್ಲಾಸಿಗೆ ಮುಗಿದದ್ದು, ಅವನದ್ದೂ ಅದಕ್ಕಿಂತ ಹೆಚ್ಚೇನಲ್ಲ. ಇಬ್ಬರದ್ದೂ ಕುಂಟು ಇಂಗ್ಲಿಷು. ಆದರೆ ಇಬ್ಬರು ಕುಂಟರು ಹೆಗಲು ಕೊಟ್ಟು ನಡೆದರೆ ಊರು ಸೇರುತ್ತಾರೆ. ನಮ್ಮ ಮಾತನ್ನು ಇಲ್ಲಿ ನನ್ನ ಕನ್ನಡದಲ್ಲೇ ಬರೆಯುತ್ತೇನೆ.

ಮೊಬೈಲಿನಲ್ಲಿ ಒಂದು ಸಪೂರ ದೋಣಿಯ ಚಿತ್ರ. ಅದರ ಎರಡೂ ಬದಿಗೆ, ರೆಕ್ಕೆ ಚಾಚಿದ ಹಾಗೆ ಅಡ್ಡಮರಗಳು. ಅವುಗಳ ತುದಿಯಲ್ಲಿ ಉದ್ದುದ್ದ ಬಿದಿರು.

“ಇದೇನು ಗೊತ್ತಾ ನಿಂಗೆ?”

“ದೋಣಿ. ಬದಿಗೆ ಮರ ಕಟ್ಟಿದ ದೋಣಿ. ನಮ್ಮೂರಲ್ಲೂ ಉಂಟು ಮಾರಾಯ.”

“ಹೀಗೇ ಎರಡು ಕಡೆಗಾ?”

“ಒಂದೇ ಕಡೆ, ಎಡಕ್ಕೆ. ನಮಗೆ ಒಂದು ಸಾಕು. ನಿಮಗೆಂತಕ್ಕೆ ಎರಡು, ಹೆದರಿಕೆಯಾ?”

ಅವನು ನಕ್ಕ. “ನಿಮ್ಮೂರಲ್ಲಿ ಜನ ಒಂದೇ ಕಾಲಲ್ಲಿ ನಡೀತಾರಾ?”

ಅದರ ಹೆಸರು ಬಂಗ್ಕಾ ಎಂದ. ಸಣ್ಣದಾದರೂ ಬಂಗ್ಕಾ, ಐವತ್ತು ಜನರನ್ನು ಹೊತ್ತು ದ್ವೀಪದಿಂದ ದ್ವೀಪಕ್ಕೆ ಹೋಗುವುದಾದರೂ ಬಂಗ್ಕಾ. ಎಂಜಿನ್ ಕೂಡಿಸಿದ್ದಕ್ಕೆ ಬೇರೆ ಹೆಸರಿದ್ದರೂ ಬಾಯಿಗೆ ಬರುವುದು ಬಂಗ್ಕಾ. ನನಗೆ ಅದು ಬಡತನದಂತೆ ಕಂಡಿತು. ಗಂಗೊಳ್ಳಿಯ ಅಳಿವೆಯಲ್ಲಿ ನನ್ನ ಸೋದರಮಾವನ ದೋಣಿಕೊಟ್ಟಿಗೆಗೆ ಬರುತ್ತಿದ್ದ ಒಂದೊಂದು ಜಾತಿಗೂ ಒಂದೊಂದು ಹೆಸರಿತ್ತು: ಪಾತಿ, ಮಚ್ವೆ, ಓಡ, ರಂಪಣಿ ದೋಣಿ. ಅದನ್ನು ಹೇಳಿದೆ. ಅವನು ಬಿಟ್ಟುಕೊಡಲಿಲ್ಲ. ಅವರಲ್ಲಿ ಊರಿನ ವಾರ್ಡಿಗೆ ಹೇಳುವ ಪದವೂ ಹಳೆಯ ಕಾಲದ ಒಂದು ದೋಣಿಯ ಹೆಸರಿನಿಂದಲೇ ಬಂದದ್ದಂತೆ. ಒಂದು ದೋಣಿಯಲ್ಲಿ ಬಂದಿಳಿದ ಜನವೇ ಒಂದು ಕೇರಿ. “ನಿಮ್ಮ ಪಂಚಾಯ್ತಿಗೆ ದೋಣಿ ಹೆಸರಿದ್ಯಾ ಹೇಳು” ಎಂದ. ನಾನು ಚಹಾ ಕುಡಿದೆ.

ಆಮೇಲೆ ಅವನು ವಿಷಯಕ್ಕೆ ಬಂದ. ಅವನ ಹೆಂಡತಿ ನರ್ಸು; ಮನೆ, ಮಕ್ಕಳು ಮೆಲ್ಬರ್ನಿನ ಕ್ಲೈಡ್ ನಾರ್ತಿನಲ್ಲಿ. ಸಿಡ್ನಿಯಲ್ಲಿ ಇವನಿಗೆ ಕೆಲಸ, ಶೇರಿಂಗ್ ರೂಮು, ಬಿಡುವು ಸಿಕ್ಕಾಗ ಬಸ್ಸು ಹತ್ತಿ ಮನೆಗೆ. ಅವನ ಅಪ್ಪ ವಿಸಿಟರ್ ವೀಸಾದಲ್ಲಿ ಬಂದಿದ್ದರು. ಇಡೀ ಆಯುಷ್ಯ ಎರಡು ದ್ವೀಪಗಳ ನಡುವೆ ಸ್ವಂತ ಬಂಗ್ಕಾದಲ್ಲಿ ಜನ ಸಾಗಿಸಿದವರು. ಇಲ್ಲಿ ಪಫರ್ ಜಾಕೆಟ್ ಹಾಕಿಕೊಂಡು ಟೀವಿ ಎದುರು ಕೂತಿರುತ್ತಾರೆ. ಒಂದು ದಿನ ಮೊಮ್ಮಗಳು ಕೇಳಿದಳಂತೆ: “ಲೋಲೋ, ನಿಮ್ಮ ಜಾಬ್ ಏನಿತ್ತು?” ಲೋಲೋ ಅಂದರೆ ಅಜ್ಜ. “ಬಂಗ್ಕಾ ಇತ್ತು” ಎಂದರಂತೆ. ಅವಳು ಫೋನಿನಲ್ಲಿ ಹುಡುಕಿ, ರೆಸಾರ್ಟಿನ ಬೀಚಿನಲ್ಲಿ ಬಣ್ಣ ಬಳಿದುಕೊಂಡು ಟೂರಿಸ್ಟರಿಗೆ ಕಾಯುತ್ತಿದ್ದ ಒಂದು ಬಂಗ್ಕಾ ತೋರಿಸಿ “ಸೋ ಕ್ಯೂಟ್!” ಅಂದಳು. ಅಜ್ಜ ಟೀವಿಯ ವಾಲ್ಯೂಮ್ ಜಾಸ್ತಿ ಮಾಡಿದರು.

“ಮಕ್ಕಳಿಗೆ ಅವರು ಸೋಫಾದ ಮೇಲಿನ ಮುದುಕ, ಅಷ್ಟೇ” ಎಂದ ಗೆಳೆಯ. “ವೀಸಾ ಮುಗೀತಾ ಬಂತು. ಇನ್ನೊಂದ್ಸಲ ಬರೋದಿಲ್ಲ ಅಂತ ಅವರೇ ಹೇಳಿದಾರೆ. ಹೋಗೋಕೆ ಮುಂಚೆ ಒಂದೇ ಒಂದ್ಸಲ ಅವರನ್ನ ಬಂಗ್ಕಾದಲ್ಲಿ ನೋಡ್ಬೇಕು ಮಕ್ಕಳು.”

“ನೀನು ದೋಣಿಯವನ ಮಗ. ಕಟ್ಟು.”

“ನಾನು ಚಿಕ್ಕವನಿದ್ದಾಗಲೇ ಮನಿಲಾಗೆ ಫ್ಯಾಕ್ಟರಿಗೆ ಹೋದೆ. ನಂಗೆ ಗೊತ್ತಿರೋದು ರೆಸಿನ್, ಬ್ರಶ್ಶು.”

ನಾನು ಆಗ ಹೇಳಿದ ಮಾತು ನನಗೆ ಈಗಲೂ ನೆನಪಿದೆ. “ಎರಡು ಬದಿಗೆ ಎರಡು ಬಿದಿರು. ಅಷ್ಟೇ ಅಲ್ವಾ? ನಾನು ಮಾಡಿಕೊಡ್ತೇನೆ.”

ಯಾರ್ಡಿನ ಯಜಮಾನ ಎಪ್ಪತ್ತು ದಾಟಿದ ಆಸ್ಟ್ರೇಲಿಯನ್. ಶನಿವಾರಗಳಿಗೆ ಹಿಂದಿನ ಶೆಡ್ ಕೊಟ್ಟ. ಕೆಲಸ ಮುಗಿದ ಮೇಲೆ ನೆಲ ಗುಡಿಸಿರಬೇಕು ಎನ್ನುವುದೊಂದೇ ಷರತ್ತು.

ಒಡಲಿಗೆ ತೆಳು ಮೆರೈನ್ ಪ್ಲೈವುಡ್ ತೆಗೆದುಕೊಂಡೆ. ಹಲಗೆಗಳನ್ನು ಆಕಾರಕ್ಕೆ ಕೊಯ್ದು, ಅಂಚಿನುದ್ದಕ್ಕೂ ಸಣ್ಣ ತೂತು ಕೊರೆದು, ತಾಮ್ರದ ತಂತಿಯಿಂದ ಒಂದಕ್ಕೊಂದು ಹೊಲಿದು, ಸಂದಿಗೆ ಎಪಾಕ್ಸಿ ಅಂಟು ತುಂಬಿ, ಗಟ್ಟಿಯಾದ ಮೇಲೆ ತಂತಿ ಕಿತ್ತು ತೆಗೆಯುವ ವಿಧಾನ. ಇಲ್ಲಿಯವರು ಇದನ್ನು ಹೊಸ ಉಪಾಯ ಎನ್ನುತ್ತಾರೆ. ನನಗೆ ತಂತಿ ಎಳೆದು ತಿರುಚುವಾಗಲೆಲ್ಲ ಮಾವನ ಕೊಟ್ಟಿಗೆಯೇ ಕಣ್ಣಿಗೆ ಬರುತ್ತಿತ್ತು. ಅವರು ರಂಪಣಿ ದೋಣಿಯ ಹಲಗೆಗಳನ್ನು ತೆಂಗಿನ ಹುರಿಯಿಂದ ಹೊಲಿಯುತ್ತಿದ್ದರು. ಒಬ್ಬ ಒಳಗೆ, ಒಬ್ಬ ಹೊರಗೆ ಕೂತು ಹುರಿ ದಾಟಿಸಬೇಕು. ಒಳಗಿನವನು ನಾನು, ಏಕೆಂದರೆ ಸಣ್ಣವನು. ಹೊರಗಿನಿಂದ ಮಾವ “ಎಳಿ!” ಅಂದರೆ ಕಾಲನ್ನು ಹಲಗೆಗೆ ಒದ್ದು ಎಳೆಯಬೇಕು. ಹುರಿ ಒದ್ದೆಯಾದಾಗ ಉಬ್ಬಿ ತೂತನ್ನು ತಾನೇ ಮುಚ್ಚಿಕೊಳ್ಳುತ್ತದೆ. ಮೇಲಿನಿಂದ ಮೀನೆಣ್ಣೆ ಬಳಿಯುವುದು. ಆ ವಾಸನೆ ಅಂಗಿಗೆ ಹತ್ತಿದರೆ ಶಾಲೆಯಲ್ಲಿ ಯಾರೂ ಪಕ್ಕದಲ್ಲಿ ಕೂರುತ್ತಿರಲಿಲ್ಲ. ನಾನು ಶಾಲೆಯನ್ನು ಬಿಟ್ಟೆ, ವಾಸನೆಯನ್ನಲ್ಲ. ಇವತ್ತು ಎಪಾಕ್ಸಿಯ ನಡುವೆ ಮುಖಕ್ಕೆ ಮಾಸ್ಕ್ ಹಾಕಿ ನಿಂತಾಗ ಆ ಮೀನೆಣ್ಣೆಯ ಒಂದು ಉಸಿರು ಸಿಕ್ಕರೆ ಸಾಕು ಅನಿಸುತ್ತದೆ.

ಬಿದಿರು ಸಿಕ್ಕಿದ್ದು ಸಿಡ್ನಿಯದೇ ಬಡಾವಣೆ ಕೆಲ್ಲಿವಿಲ್‌ನಲ್ಲಿ. ಮೈಸೂರು ಕಡೆಯ ಒಬ್ಬ ರಿಟೈರ್ಡ್ ಎಂಜಿನಿಯರು ಮನೆಯ ಹಿಂದೆ ಅಂದಕ್ಕೆಂದು ನೆಟ್ಟ ಬಿದಿರು ಬೇಲಿ ದಾಟಿ ಪಕ್ಕದವರ ಹುಲ್ಲಿನಲ್ಲಿ ಮೊಳಕೆ ಒಡೆದಿತ್ತು. ಫೋನು ಮಾಡಿದಾಗ ಅವರು ಹಬ್ಬದ ಹಾಗೆ ಮಾತಾಡಿದರು.

“ಇವತ್ತೇ ಬನ್ರೀ, ಎಲ್ಲಾ ತಗೊಂಡು ಹೋಗಿ. ಪಕ್ಕದ್ಮನೆಯೋರು ಕಂಪ್ಲೇಂಟ್ ಮಾಡೋಕೆ ಶುರು ಮಾಡಿದಾರೆ.”

“ಇವತ್ತು ಬೇಡ ಸರ್. ಅಮಾವಾಸ್ಯೆ ಹತ್ತಿರ ಬರ್ತೇನೆ. ಹುಣ್ಣಿಮೆಗೆ ಕಡಿದ ಬಿದಿರಿಗೆ ಹುಳ ಬೀಳ್ತದೆ.”

“ಆಸ್ಟ್ರೇಲಿಯಾ ಹುಳಕ್ಕೆ ನಮ್ಮ ಪಂಚಾಂಗ ಗೊತ್ತಾಗತ್ತೇನ್ರೀ?”

“ಚಂದ್ರ ಒಬ್ಬನೇ ಅಲ್ವಾ ಸರ್.”

“ಅದೂ ಸರೀನೇ” ಎಂದರು. ಅಮಾವಾಸ್ಯೆಯ ಮುಂಚಿನ ಶನಿವಾರ ಹೋಗಿ ನೆಟ್ಟಗಿದ್ದ ದಪ್ಪ ಬಿದಿರುಗಳನ್ನು ಆರಿಸಿ ಕಡಿದೆವು. ಅವರ ಶ್ರೀಮತಿ ಬಿಸಿಬೇಳೆಬಾತ್ ಕೊಟ್ಟರು. ಗೆಳೆಯ ಮೂರು ಸಲ ಹಾಕಿಸಿಕೊಂಡು, “ಇಂಡಿಯನ್ಸ್ ಬಂಗ್ಕಾ ವಿಷ್ಯದಲ್ಲಿ ಸುಮಾರು, ಅನ್ನದ ವಿಷ್ಯದಲ್ಲಿ ಪರವಾಗಿಲ್ಲ” ಎಂದ.

ಬಿದಿರಿನ ಮೇಲಿನ ಮೇಣ ಕೆರೆದು, ಡೊಂಕಿದ್ದ ಕಡೆ ಬೆಂಕಿ ತಾಗಿಸಿ ನೇರ ಮಾಡಿ, ನೆರಳಲ್ಲಿ ಒಣಗಿಸಿದೆ. ಎರಡು ಬದಿಗೂ ಹೋಗುವ ಅಡ್ಡಮರಗಳಿಗೆ ಸ್ಪಾಟೆಡ್ ಗಮ್ ಎಂಬ ಗಟ್ಟಿ ಮರ. ಅದು ನೇರ, ಬಾಗುವುದಿಲ್ಲ. ಆದ್ದರಿಂದ ಅಡ್ಡಮರದ ತುದಿಗಳಿಗೆ ಕೆಳಕ್ಕೆ ಒಂದೊಂದು ಕಾಲು ಕೊಟ್ಟು, ಕಾಲಿಗೆ ಬಿದಿರನ್ನು ಸ್ಟೀಲ್ ಬೋಲ್ಟಿನಿಂದ ಬಿಗಿದೆ. ಬಿದಿರು ಅರ್ಧ ನೀರಿನಲ್ಲಿ ಮುಳುಗಿರುವಂತೆ ಅಳತೆ ಇಟ್ಟೆ. ಆ ಅಳತೆಗೆ ಯಾರನ್ನೂ ಕೇಳಲಿಲ್ಲ. ನಮ್ಮೂರಿನ ದೋಣಿಯಲ್ಲಿ ಬದಿಯ ಮರ ಯಾವಾಗಲೂ ನೀರಿನಲ್ಲೇ ಇರುತ್ತದೆ. ನೀರು ಬಿಟ್ಟು ಮೇಲೆದ್ದರೆ ದೋಣಿಯವನು ಹೆದರಿ ಮೈಯನ್ನು ಅತ್ತ ವಾಲಿಸುತ್ತಾನೆ. ಬದಿಯ ಮರ ನೀರಿಗೆ ಅಂಟಿರಬೇಕು ಎನ್ನುವುದು ನನ್ನ ಕಣ್ಣಿಗೆ ಅಕ್ಷರಕ್ಕಿಂತ ಮೊದಲು ಬಂದ ವಿದ್ಯೆ.

ಯಜಮಾನ ನೋಡಿ “ಬ್ಯೂಟಿಫುಲ್, ಮೇಟ್” ಎಂದ. ಹೌದು, ಚಂದ ಇತ್ತು. ಬೋಲ್ಟುಗಳು ಮಿರಿಮಿರಿ ಮಿಂಚುತ್ತಿದ್ದವು.

ನದಿಗಿಳಿಸಿದ ಬೆಳಿಗ್ಗೆ ಗಾಳಿ ಇರಲಿಲ್ಲ. ಮುಂದೆ ಗೆಳೆಯ, ಹಿಂದೆ ನಾನು. ಹುಟ್ಟು ಹಾಕಿದರೆ ದೋಣಿ ಹೋಗಲೊಲ್ಲದು. ಎರಡು ಬಿದಿರುಗಳೂ ನೀರನ್ನು ಉಳುತ್ತಿವೆ. ಬಲಕ್ಕೆ ತಿರುಗಿಸಿದರೆ ನೊಗ ಕಟ್ಟಿದ ಕೋಣದ ಹಾಗೆ ನೇರ ಹೋಗುತ್ತದೆ. “ಹೊಸತು, ಸ್ವಲ್ಪ ಪಳಗಬೇಕು” ಎಂದೆ. ಅಷ್ಟರಲ್ಲಿ ನದಿಯ ಫೆರ್ರಿ ನಮ್ಮನ್ನು ದಾಟಿ ಹೋಯಿತು. ಅದರ ಅಲೆ ಓರೆಯಾಗಿ ಬಂದು ಎಡ ಬಿದಿರನ್ನು ಎತ್ತಿತು. ಬಲದ್ದು ನೀರಲ್ಲಿ ಹೂತೇ ಇತ್ತು. ನಡುವೆ ಸಿಕ್ಕ ದೋಣಿ ತಿರುಚಿತು. ತೆಂಗಿನ ಗರಿ ಮುರಿದ ಹಾಗೆ ಒಂದು ಸದ್ದು. ಬಿದಿರು ಬೋಲ್ಟಿನ ತೂತಿನಿಂದ ಶುರುವಾಗಿ ಗೆಣ್ಣು ದಾಟಿ ಉದ್ದಕ್ಕೂ ಸೀಳಿತ್ತು. ಮುಳುಗಲಿಲ್ಲ. ಆದರೆ ದಡದಲ್ಲಿ ನಾಯಿ ಹಿಡಿದು ನಿಂತಿದ್ದ ಹೆಂಗಸು “ಆರ್ ಯೂ ಗೈಸ್ ಓಕೆ?” ಎಂದು ಎರಡು ಸಲ ಕೂಗಿ ಕೇಳಿದಳು. ಅದಕ್ಕಿಂತ ಮುಳುಗಿದ್ದರೆ ಒಳ್ಳೆಯದಿತ್ತು.

ಗೆಳೆಯ ಅಪ್ಪನಿಗೆ ವಿಡಿಯೋ ಕಾಲ್ ಮಾಡಿ ದೋಣಿ ತೋರಿಸಿದ. ತಲೆಗೆ ಉಣ್ಣೆ ಟೋಪಿ ಹಾಕಿದ ಒಣಕಲು ಮುಖವೊಂದು ಪರದೆಗೆ ತೀರಾ ಹತ್ತಿರ ಬಂದು, ನೋಡಿ, ಏನೋ ಹೇಳಿ ಹಿಂದಕ್ಕೆ ಬಾಗಿ ನಕ್ಕಿತು.

“ಎಂತ ಹೇಳಿದ್ರು?”

“ಬಿಡು.”

“ಹೇಳು ಮಾರಾಯ.”

“ಮಂಚ ಚೆನ್ನಾಗಿದೆ, ಹಾಸಿಗೆ ಎಲ್ಲಿ ಅಂತಿದಾರೆ.”

ಅಡ್ಡಮರಕ್ಕೆ ಕಾಲು ಕೊಟ್ಟದ್ದು ನಿಜ. ನನಗೆ ಸಿಟ್ಟು ಬಂತು. ದೋಣಿಯನ್ನು ಮಂಚ ಎಂದವರು ಈ ಲೋಕದಲ್ಲಿ ಇವರೊಬ್ಬರೇ. “ಬಿದಿರು ನೀರಲ್ಲಿರದೆ ಆಕಾಶದಲ್ಲಿರಬೇಕಾ ಕೇಳು” ಎಂದೆ. ಮಗ ಅದನ್ನು ಹೇಗೆ ಹೇಳಿದನೋ. ಮುದುಕರು ಫೋನನ್ನು ಯಾರ ಕೈಗೋ ಕೊಟ್ಟು, ಸೋಫಾದಿಂದ ಎದ್ದು, ಕಾರ್ಪೆಟ್ಟಿನ ಅಂಚಿನ ಮೇಲೆ ಗದ್ದೆಯ ಹುಣಿಯ ಮೇಲೆ ನಡೆಯುವವರ ಹಾಗೆ ಒಂದರ ಮುಂದೊಂದು ಹೆಜ್ಜೆ ಇಡುತ್ತ ನಡೆದರು. ಎರಡೂ ಕೈ ಚಾಚಿದ್ದವು. ಎಡಕ್ಕೆ ವಾಲಿದಾಗ ಎಡಗೈ ಇಳಿಯಿತು, ಬಲಗೈ ಎದ್ದಿತು. ಆಮೇಲೆ ನಿಂತು, ಬಗ್ಗಿ, ಎರಡೂ ಅಂಗೈಗಳನ್ನು ನೆಲಕ್ಕೆ ಊರಿ ಹಾಗೇ ನಡೆಯಲು ನೋಡಿದರು. ಕೋತಿಯ ಹಾಗೆ ಕಂಡಿತು. ಪರದೆಯ ಆಚೆ ಒಬ್ಬ ಹುಡುಗಿ ಕಿಲಕಿಲ ನಕ್ಕಳು. ಅವರು ನನ್ನ ಕಡೆ ಬೆರಳು ತೋರಿಸಿದರು.

ಅರ್ಥವಾಯಿತು. ನಮ್ಮ ದೋಣಿಯ ಒಂಟಿ ಮರ ಭಾರ. ದೋಣಿ ಅದನ್ನು ಒರಗಿಕೊಂಡೇ ಹೋಗುತ್ತದೆ. ಇವರ ಜೋಡಿ ಬಿದಿರು ಭಾರವಲ್ಲ, ಕೈ. ಕಟಿಗ್ ಎನ್ನುತ್ತಾರೆ ಅದಕ್ಕೆ. ದೋಣಿ ನೆಟ್ಟಗಿದ್ದಾಗ ಎರಡೂ ನೀರನ್ನು ಮುಟ್ಟಿಯೂ ಮುಟ್ಟದ ಹಾಗಿರಬೇಕು. ಒಂದು ದುಡಿಯುವಾಗ ಇನ್ನೊಂದು ಸುಧಾರಿಸಿಕೊಳ್ಳಬೇಕು. ನಾನು ಎರಡನ್ನೂ ಒಟ್ಟಿಗೇ ದುಡಿಯಲು ಹಾಕಿದ್ದೆ.

ಕಾಲುಗಳನ್ನು ಮೋಟು ಮಾಡಿ ಹೊಸ ಬಿದಿರಿಗೆ ಅದೇ ಬೋಲ್ಟು ಹಾಕಿದ್ದರೆ ಒಂದು ಶನಿವಾರದ ಕೆಲಸ. ಮನಸ್ಸು ಒಪ್ಪಲಿಲ್ಲ. ಆ ಅಡ್ಡಮರಗಳನ್ನೇ ತೆಗೆದುಹಾಕಿದೆ. ಹೂಪ್ ಪೈನ್ ಮರವನ್ನು ಬೆರಳು ದಪ್ಪದ ಪಟ್ಟಿಗಳಾಗಿ ಸೀಳಿ, ಒಂದರ ಮೇಲೊಂದು ಅಂಟು ಸವರಿ, ನೆಲಕ್ಕೆ ಹೊಡೆದ ಗೂಟಗಳ ನಡುವೆ ಬಾಗಿಸಿ ಕ್ಲ್ಯಾಂಪ್ ಬಿಗಿದೆವು. ಒಡಲಿನ ಮೇಲೆ ಸ್ವಲ್ಪ ಎದ್ದು, ಆಮೇಲೆ ಹಕ್ಕಿಯ ರೆಕ್ಕೆಯ ಹಾಗೆ ಕೆಳಕ್ಕಿಳಿಯುವ ಬಾಗು. ಈ ಸಲ ಪ್ರತಿ ಬಾಗಿನ ಫೋಟೋ ಮೆಲ್ಬರ್ನಿಗೆ ಹೋಯಿತು. ಅಲ್ಲಿಂದ ‘ಇನ್ನೂ’, ‘ಸಾಕು’ ಎಂದು ಉತ್ತರ ಬರುತ್ತಿತ್ತು. ಎರಡು ಅಡ್ಡಮರಗಳು ಸಿದ್ಧವಾದವು. ಬಿದಿರಿಗೆ ತೂತು ಕೊರೆಯುವುದಿಲ್ಲ, ಕಟ್ಟುವುದು ಎಂದೂ ಆಯಿತು.

ಕಟ್ಟುವುದರಲ್ಲಿ ನನಗೆ ಅಳುಕಿರಲಿಲ್ಲ. ಹುರಿ ಹಿಡಿದು ಬೆಳೆದ ಕೈ. ಪಾಲಿಯೆಸ್ಟರ್ ಹಗ್ಗದಿಂದ ನಾಲ್ಕು ಸಂದಿಗಳನ್ನೂ ಒಂದೇ ಮಧ್ಯಾಹ್ನ ಬಿಗಿದೆ. ಎರಡು ದಿನ ಬಿಟ್ಟು ಬಿದಿರನ್ನು ತಿರುಗಿಸಿ ನೋಡಿದರೆ ಕಟ್ಟಿನೊಳಗೆ ಅದು ನುಣ್ಣಗೆ ಉರುಳುತ್ತಿದೆ. ತೆಂಗಿನ ಹುರಿ ಒದ್ದೆಯಾಗಿ ಕಚ್ಚಿಕೊಳ್ಳುತ್ತದೆ. ಈ ಹಗ್ಗ ಜಗ್ಗಿಕೊಳ್ಳುತ್ತದೆ. ಬಿಚ್ಚಿ ಮತ್ತೆ ಕಟ್ಟಿದೆ. ಮತ್ತೂ ಅದೇ. ಮುದುಕರ ಟಿಕೆಟ್ ಬುಕ್ ಆಗಿತ್ತು. ಉಳಿದದ್ದು ಇನ್ನೊಂದೇ ವೀಕೆಂಡು.

ಆ ವಾರದ ಒಂದು ಸ್ಮೋಕೋದಲ್ಲಿ ಗೆಳೆಯ ಹಸುರು ಬಣ್ಣದ ದಪ್ಪ ಮೀನುಗಾಳದ ನೈಲಾನ್ ಸುರುಳಿಯೊಂದನ್ನು ತಂದು ಮುಂದಿಟ್ಟ. “ಅಪ್ಪ ಇದರಲ್ಲೇ ಕಟ್ಟೋದು. ನೀನು ಕಟ್ಟಿ ಮುಗಿಸು. ಶುಕ್ರವಾರ ರಜೆ ಹಾಕಿ ಒಯ್ಯೋಣ. ಅವರನ್ನ ಕೂರಿಸಿ ಒಂದು ಸುತ್ತು ಹಾಕಿಸಿದ್ರೆ ಆಯ್ತು.”

ಕೂರಿಸಿ ಒಂದು ಸುತ್ತು. ನಾನು ಸುರುಳಿಯನ್ನು ಕೈಯಲ್ಲಿ ಹಿಡಿದು ನೋಡಿದೆ. ನಾನು ಕಟ್ಟಿ ಮುಗಿಸಿದರೆ ಆ ಮಕ್ಕಳು ನೋಡುವುದು ಏನು? ಸೋಫಾದಿಂದ ಎತ್ತಿ ದೋಣಿಯಲ್ಲಿ ಕೂರಿಸಿದ ಅದೇ ಮುದುಕ. ರೆಸಾರ್ಟಿನ ಟೂರಿಸ್ಟಿಗೂ ಅವರಿಗೂ ವ್ಯತ್ಯಾಸ ಏನು ಉಳಿಯಿತು?

ಆದರೆ ನನ್ನೊಳಗೆ ಮಾವ ಕೂತಿದ್ದರು. ಅವರ ಕೊಟ್ಟಿಗೆಯಲ್ಲಿ ಒಂದು ಕಟ್ಟುನಿಟ್ಟು ಇತ್ತು: ಒಬ್ಬನ ದೋಣಿಗೆ ಇನ್ನೊಬ್ಬನ ಗಂಟು ಬೀಳಬಾರದು. ಮೊದಲ ಹಲಗೆ ಇಟ್ಟವನೇ ಕೊನೆಯ ಹೊಲಿಗೆ ಹಾಕಬೇಕು. ಜ್ವರ ಬಂದರೆ ದೋಣಿ ಕಾಯಬೇಕು. ಅರ್ಧ ಕೆಲಸ ಕೊಟ್ಟಿಗೆಯ ಹೊಸ್ತಿಲು ದಾಟಿದರೆ ಅದು ಆಚಾರಿಯ ಹೆಸರಿಗೆ ಮಸಿ. ಆಮೇಲೆ ಕೆಲಸಕ್ಕೆ ಹೋದ ಗಲ್ಫಿನಲ್ಲೂ ಇಲ್ಲಿಯೂ ನಾನು ಅದನ್ನು ಮುರಿದವನಲ್ಲ. ಯಜಮಾನ ಎಷ್ಟೋ ಸಲ “ಮಿಕ್ಕಿದ್ದು ಅವನು ಮಾಡ್ತಾನೆ, ನೀನು ಮನೆಗೆ ಹೋಗು” ಎಂದಾಗಲೂ ನಾನು ಹೋಗಿಲ್ಲ.

“ಬಿಡಿಬಿಡಿಯಾಗಿ ಒಯ್ಯುವ” ಎಂದೆ. “ಕಟ್ಟುವುದು ನಿನ್ನಪ್ಪ.”

ಗೆಳೆಯ ನನ್ನ ಹಣೆ ಮುಟ್ಟಿ ನೋಡಿದ. “ಅರ್ಧ ಕೆಲಸ? ನೀನಾ? ಹುಷಾರಾಗಿದೀಯಾ?”

“ನಾನು ಮಾಡಿದ್ದು ಒಡಲು, ಬಾಗು, ಬಿದಿರು. ಅದು ಪೂರ್ತಿ ಆಯ್ತು. ಬಂಗ್ಕಾ ಮಾಡುವುದು ಅವರು.”

ಬಾಯಲ್ಲಿ ಹೇಳಿದ್ದು ಹೀಗೆ. ಟ್ರೇಲರಿಗೆ ಹೇರುವಾಗ ನನ್ನ ಕೈ ನಾಲ್ಕು ಸಲ ಹಗ್ಗದ ಕಡೆ ಹೋಗಿತ್ತು.

ಹ್ಯೂಮ್ ಹೈವೇಯಲ್ಲಿ ಇಡೀ ದಿನದ ದಾರಿ. ಗುಂಡಗೈಯಲ್ಲಿ ಪೆಟ್ರೋಲ್ ಹಾಕಿಸುವಾಗ ಒಬ್ಬ ಟ್ರಕ್ ಡ್ರೈವರ್ “ಅದೇನು ವಿಮಾನವಾ?” ಎಂದು ಕೇಳಿದ. “ಇನ್ನೂ ಆಗಿಲ್ಲ” ಎಂದ ನನ್ನ ಗೆಳೆಯ.

ಕ್ಲೈಡ್ ನಾರ್ತಿನ ಬೀದಿಗಳೆಲ್ಲ ಒಂದೇ ಅಚ್ಚಿನವು. ಶನಿವಾರ ಬೆಳಿಗ್ಗೆ ಡ್ರೈವ್‌ವೇಯಲ್ಲಿ ಒಡಲನ್ನು ಇಳಿಸಿದಾಗ ಆಚೀಚೆಯ ಗ್ಯಾರೇಜುಗಳ ಬಾಗಿಲು ಒಂದೊಂದಾಗಿ ಮೇಲೆದ್ದವು. ಮುದುಕರು ಹೊರಗೆ ಬಂದರು. ನನ್ನ ಭುಜದಷ್ಟು ಎತ್ತರ. ನನಗೆ ನಮಸ್ಕಾರವಿಲ್ಲ, ಕೈಕುಲುಕುವುದಿಲ್ಲ. ನೇರ ದೋಣಿಯ ಹತ್ತಿರ ಹೋಗಿ ಅಂಚಿನ ಮೇಲೆ ಹೆಬ್ಬೆರಳು ಎಳೆಯುತ್ತ ಸುತ್ತು ಬಂದರು. ಬಾಗಿದ ಅಡ್ಡಮರವನ್ನು ನೆಲಕ್ಕೆ ಊರಿ ತಮ್ಮ ಮೈಭಾರ ಹಾಕಿ ಒತ್ತಿದರು. ಅದು ಬಾಗಿ, ತಿರುಗಿ ಎದ್ದಿತು. “ಊಂ” ಎಂದರು. ನಾನು ಉಸಿರು ಬಿಟ್ಟೆ.

ಆಮೇಲೆ ಪಫರ್ ಜಾಕೆಟ್ ಕಳಚಿ ಕಾಂಕ್ರೀಟಿನ ಮೇಲೆ ಕೂತರು. ಎರಡು ಪಾದಗಳ ನಡುವೆ ಬಿದಿರನ್ನೂ ಬಾಗನ್ನೂ ಹಿಡಿದು, ಹಸುರು ದಾರ ಸುತ್ತತೊಡಗಿದರು. ಪ್ರತಿ ಸುತ್ತಿಗೂ ಒಂದು ಗಿಡ್ಡ ಕೋಲಿಗೆ ದಾರ ಸಿಕ್ಕಿಸಿ, ಕಾಲಿನಿಂದ ಒದ್ದು ಎಳೆದು, ಬಿಗಿ ಬಿಡದೆ ಮುಂದಿನ ಸುತ್ತು. ಮೊದಲು ಅಡ್ಡ, ಆಮೇಲೆ ಓರೆ, ಕೊನೆಗೆ ಎರಡರ ನಡುವೆ ಕುತ್ತಿಗೆ ಬಿಗಿದ ಹಾಗೆ. ಒದ್ದು ಎಳೆಯುವ ಆ ಕಾಲು! ನಾನು ಎಲ್ಲಿ ನಿಂತಿದ್ದೇನೆ ಎನ್ನುವುದೇ ಒಂದು ಗಳಿಗೆ ಮರೆಯಿತು. ಗಂಗೊಳ್ಳಿಯ ಮರಳು, ಹೊರಗಿನಿಂದ ಕೇಳುವ ದನಿ. ಅವರು ಮಗನನ್ನು ಕರೆದು ದಾರದ ತುದಿ ಹಿಡಿಸಿದರು. ಹಿಡಿದದ್ದು ಸಡಿಲವಾದಾಗ ಬೈದರು. ಅದರ ಅರ್ಥ ಯಾರೂ ಹೇಳಬೇಕಾಗಿರಲಿಲ್ಲ.

ಹದಿಮೂರು ಹದಿನಾಲ್ಕರ ಮೊಮ್ಮಗಳು ಬಾಗಿಲಲ್ಲಿ ಫೋನು ಹಿಡಿದು ನಿಂತಿದ್ದಳು. ಅಪ್ಪ ಬೈಗುಳ ತಿಂದದ್ದು ನೋಡಿ ಹತ್ತಿರ ಬಂದಳು. “ಡ್ಯಾಡ್, ನೀನು ಟ್ರಬಲ್‌ನಲ್ಲಿದೀಯಾ?”

“ನೀನೂ ಬಾ, ಗೊತ್ತಾಗತ್ತೆ.”

ಅಜ್ಜ ಅವರ ಭಾಷೆಯಲ್ಲಿ ಹೇಳುತ್ತಾರೆ, ಅವಳು ಇಂಗ್ಲಿಷಿನಲ್ಲಿ ಉತ್ತರಿಸುತ್ತಾಳೆ. ನನ್ನ ಮಗಳೂ ಹೀಗೆಯೇ. ಆದರೆ ದಾರಕ್ಕೆ ಭಾಷೆ ಬೇಕಿರಲಿಲ್ಲ. ಎರಡನೆಯ ಸಂದಿ ಮುಗಿಯುವ ಹೊತ್ತಿಗೆ ಫೋನು ಕಾಂಕ್ರೀಟಿನ ಮೇಲೆ ಅಂಗಾತ ಬಿದ್ದಿತ್ತು, ಅವಳು ಕೋಲನ್ನು ಎರಡೂ ಕೈಯಿಂದ ಎಳೆಯುತ್ತಿದ್ದಳು.

ಮೂರನೆಯದಕ್ಕೆ ನನ್ನ ಕೈ ಸುಮ್ಮನಿರಲಿಲ್ಲ. ಅವರು ಚಹಾ ಕುಡಿಯಲು ಹೋದಾಗ ನೋಡಿಕೊಂಡ ಹಾಗೆಯೇ ನಾನು ಕಟ್ಟಿದೆ. ನನ್ನ ಪ್ರಕಾರ ಒಂದು ಕೂದಲಿನಷ್ಟೂ ವ್ಯತ್ಯಾಸವಿರಲಿಲ್ಲ. ಅವರು ಬಂದು ಕೂತು, ನನ್ನ ಮುಖವನ್ನೂ ನೋಡದೆ, ಚೂರಿ ತೆಗೆದು ಅದನ್ನು ಕೊಯ್ದು ಹಾಕಿ ಮೊದಲಿನಿಂದ ಶುರು ಮಾಡಿದರು. ಮೊಮ್ಮಗಳು “ಸಾರಿ, ಅಂಕಲ್” ಎಂದಳು. ಗೆಳೆಯ ಆಕಾಶ ನೋಡಿದ. ನನಗೆ ಕಿವಿ ಬಿಸಿಯಾಯಿತು. ಆಮೇಲೆ ನಗು ಬಂತು. ಒಬ್ಬನ ದೋಣಿಗೆ ಇನ್ನೊಬ್ಬನ ಗಂಟು. ಆ ಕಟ್ಟುನಿಟ್ಟು ಅವರ ದ್ವೀಪದಲ್ಲೂ ಇರಬೇಕು.

ಅದೇ ಮಧ್ಯಾಹ್ನ ನೀರಿಗಿಳಿಸಿದ್ದು ಹತ್ತಿರದ ಟೂರಡಿನ್‌ನಲ್ಲಿ, ಕೊಲ್ಲಿಗೆ ಸೇರುವ ಕಾಲುವೆಯಲ್ಲಿ. ಭರತ ಇರುವಾಗಲೇ ಹೋಗಿ ಬರಬೇಕು. ಇಳಿತಕ್ಕೆ ಸಿಕ್ಕರೆ ಮೈಲಿಗಟ್ಟಲೆ ಕೆಸರು. ನಾನು ಪ್ಯಾರಮಟ್ಟಾದ ಅಂಗಡಿಯಿಂದ ಒಂದು ತೆಂಗಿನಕಾಯಿ ತಂದಿದ್ದೆ. ದೋಣಿಯ ಮೂತಿಗೆ ಒಡೆಯಲು ಎತ್ತಿದಾಗ ಮುದುಕರು ಕೈ ಅಡ್ಡ ಹಿಡಿದು ಅದನ್ನು ಇಸಕೊಂಡರು. ಚೂರಿಯ ಬೆನ್ನಿನಿಂದ ಎರಡು ಏಟು. ಸ್ವಲ್ಪ ನೀರನ್ನು ಮೂತಿಗೆ ಚಿಮುಕಿಸಿ, ಉಳಿದದ್ದನ್ನು ಗಟಗಟ ಕುಡಿದು ಬಾಯಿ ಒರೆಸಿಕೊಂಡರು. ಇಬ್ಬರ ದೇವರಿಗೂ ಸಂದಾಯವಾಯಿತು.

ಲೈಫ್ ಜಾಕೆಟ್ ಬೇಡವೆಂದು ಹಟ. “ಲೋಲೋ, ರೂಲ್ಸ್!” ಎಂದು ಮೊಮ್ಮಗಳು ತಾನೇ ತೊಡಿಸಿ ಬಕಲ್ ಹಾಕಿದಳು. ಚೆಂಡೆಗೆ ಕೈಕಾಲು ಬಂದ ಹಾಗೆ ಕಾಣುತ್ತಿದ್ದರು. ಹಿಂದೆ ಕೂತು ಹುಟ್ಟು ನೀರಿಗಿಟ್ಟರು ನೋಡಿ, ಆ ನಗೆಪಾಟಲು ಅಲ್ಲಿಗೇ ಮುಗಿಯಿತು. ಸೋಫಾದ ಮುದುಕ ಅಲ್ಲಿರಲಿಲ್ಲ. ಮುಂದೆ ಮಗ, ನಡುವೆ ಮೊಮ್ಮಗಳು ಮತ್ತವಳ ತಮ್ಮ. ದೋಣಿ ದಡ ಬಿಟ್ಟಿತು. ಬಿದಿರುಗಳು ನೀರನ್ನು ಮುತ್ತಿಕ್ಕಿ ಬಿಡುತ್ತಿದ್ದವು. ಎಡದ್ದು ಒಮ್ಮೆ, ಬಲದ್ದು ಒಮ್ಮೆ. ಉಳುವ ಸದ್ದಿಲ್ಲ.

ಕೊಲ್ಲಿಯ ಬಾಯಲ್ಲಿ ಗಾಳಿ ಓರೆಯಾಗಿ ಬೀಸಿತು. ಬಲ ರೆಕ್ಕೆ ಎದ್ದಿತು. ದಡದಲ್ಲಿದ್ದ ನನ್ನ ಮೈ ತಾನಾಗಿ ವಾಲಿತು. ಅವರ ದನಿ ನೀರಿನ ಮೇಲಿಂದ ಸ್ಪಷ್ಟ ಕೇಳಿಸಿತು. ಒಂದೇ ಶಬ್ದದ ಆಜ್ಞೆ. ನನ್ನ ಗೆಳೆಯ, ನಲವತ್ತೈದು ದಾಟಿದ, ಬೆನ್ನುನೋವಿನ ಮನುಷ್ಯ, ಅಡ್ಡಮರದ ಮೇಲೆ ಕೋತಿಯ ಹಾಗೆ ಸರಿದು ಎದ್ದ ತುದಿಗೆ ಹೋಗಿ ಕೂತ. ದೋಣಿ ನೆಟ್ಟಗಾಯಿತು. ಇನ್ನೊಂದು ಆಜ್ಞೆ; ಒಳಗೆ ಬಂದ. ಮತ್ತೊಂದು; ಈ ಸಲ ಮೊಮ್ಮಗಳು, ಕಿರುಚುತ್ತ, ನಗುತ್ತ, ಅಡ್ಡಮರದ ಅರ್ಧದವರೆಗೆ. ಅವರು ಒಬ್ಬೊಬ್ಬರನ್ನೂ ಹೊರಗೆ ಕಳಿಸುತ್ತಿದ್ದರು, ಒಳಗೆ ಕರೆಯುತ್ತಿದ್ದರು. ಎಲ್ಲರೂ ಹೇಳಿದ ಹಾಗೆ ಕೇಳುತ್ತಿದ್ದರು.

ದಡಕ್ಕೆ ಬಂದಾಗ ಹುಡುಗಿ ಓಡಿ ಬಂದು ನನ್ನ ತೋಳು ಹಿಡಿದು ಹೇಳಿದಳು: “ಅಂಕಲ್, ಲೋಲೋ ಡ್ಯಾಡ್‌ಗೆ ಈಡಿಯಟ್ ಅಂದ್ರು. ಡ್ಯಾಡ್ ಸಾರಿ ಕ್ಯಾಪ್ಟನ್ ಅಂದ್ರು!” ಅವಳ ಬಾಯಲ್ಲಿ ಕ್ಯೂಟ್ ಎನ್ನುವ ಪದ ಆಮೇಲೆ ನನಗೆ ಕೇಳಿಸಲಿಲ್ಲ.

ನಾವಿಬ್ಬರೂ ಭಾನುವಾರ ಸಿಡ್ನಿಗೆ ಹೊರಟೆವು. ಮುದುಕರು ಬಾಗಿಲವರೆಗೆ ಬಂದು ನನ್ನ ಬಲಗೈಯನ್ನು ಎತ್ತಿ, ಅಂಗೈ ತಿರುಗಿಸಿ, ಕಾಯಿಗಟ್ಟಿದ ಜಾಗಗಳನ್ನು ಒಂದೊಂದಾಗಿ ಒತ್ತಿ ನೋಡಿ ಬಿಟ್ಟರು. ಅದೇ ವಾರ ಅವರ ವಿಮಾನ.

ಅವರು ಹೋದ ಮರುದಿನ ಯಾರ್ಡಿನಲ್ಲಿ ಚಹಾ ಕುಡಿಯುತ್ತಿದ್ದಾಗ ಗೆಳೆಯನಿಗೆ ಅವನ ಮಗಳ ವಿಡಿಯೋ ಕಾಲ್ ಬಂತು. ಅಳುವ ದನಿ. “ಡ್ಯಾಡ್, ಲೋಲೋ ಹೋಗೋಕೆ ಮುಂಚೆ ಎಲ್ಲಾ ಬಿಚ್ಚಿಬಿಟ್ಟಿದಾರೆ.”

ಗ್ಯಾರೇಜಿನ ನೆಲದಲ್ಲಿ ಒಡಲು ಒಂದು ಕಡೆ, ಬಿದಿರು ಒಂದು ಕಡೆ, ಕೊಯ್ದ ಹಸುರು ದಾರದ ರಾಶಿ. ಗೆಳೆಯ ಲೋಟ ಕೆಳಗಿಟ್ಟ. “ಯಾಕೆ? ಏ, ಯಾಕಂತೆ?”

“ಇರಿ” ಎಂದು ಅವಳು ಕ್ಯಾಮೆರಾವನ್ನು ಗೋಡೆಯ ಕಡೆ ತಿರುಗಿಸಿದಳು. ನಾಲ್ಕು ಸಂದಿಗಳಲ್ಲಿ ಒಂದು ಮಾತ್ರ ಹಾಗೇ ಇತ್ತು. ಒಂದು ಬಾಗು, ಒಂದು ಬಿದಿರು, ನಡುವೆ ಬಿಗಿಯಾದ ಅದೇ ಕಟ್ಟು. ಪಕ್ಕದಲ್ಲಿ ಹೊಸ ದಾರದ ಸುರುಳಿ ಮತ್ತು ಆ ಗಿಡ್ಡ ಕೋಲು.

“ಇದನ್ನ ನೋಡ್ಕೊಂಡು ಉಳಿದ ಮೂರು ನಾನೂ ಡ್ಯಾಡೂ ಕಟ್ಬೇಕಂತೆ” ಎಂದಳು. ಆಮೇಲೆ ನಾನು ಪಕ್ಕದಲ್ಲಿರುವುದು ಕಂಡು ಸ್ವಲ್ಪ ತಡೆದಳು. “ಮತ್ತೆ, ಇಂಡಿಯನ್ ಅಂಕಲ್ ಕೈಲಿ ಕಟ್ಟಿಸ್ಬಾರ್ದು ಅಂದಿದಾರೆ. ಅವರು ಚೆನ್ನಾಗಿ ಕಟ್ತಾರೆ, ಕಟ್ಟಿ ಮುಗಿಸ್ಬಿಡ್ತಾರೆ ಅಂತ.”

ಗೆಳೆಯ ನನ್ನ ಕಡೆ ನೋಡಿದ. ಅವನ ಕಣ್ಣು ತುಂಬಿತ್ತು. ನಾನು ಎದ್ದು ಲೋಟ ತೊಳೆಯಲು ಹೋದೆ. ಹಿಂದಿರುಗಿ ಬಂದಾಗ ಅವನು ಒಂದು ತುಂಡು ನೈಲಾನ್ ದಾರವನ್ನು ಎರಡು ಬ್ರಶ್ಶಿನ ಹಿಡಿಗಳಿಗೆ ಅಡ್ಡ ಸುತ್ತುತ್ತಿದ್ದ. ಎರಡನೆಯ ಸುತ್ತು ಮೊದಲನೆಯದರ ಮೇಲೆ ಹತ್ತಿತ್ತು. ತಪ್ಪು. ನಾನು ಎರಡೂ ಕೈಗಳನ್ನು ಜೇಬಿನಲ್ಲಿಟ್ಟು, ಅವನು ಅದನ್ನು ತಾನೇ ಕಂಡುಕೊಳ್ಳುವವರೆಗೆ ನಿಂತೆ.